ಆರು ಡಬ್ಬಿಗಳ ಮುಂದೆ ಹುಳ್ಳಿ

ಆ ಸೋಮವಾರ ಹುಳ್ಳಿ ಖಾಲಿ ಡಬ್ಬಿಯ ಮುಂದೆ ಕೂತಳು.

ಪೂರ್ತಿ ಖಾಲಿಯೇನಲ್ಲ. ಒಳಗೊಂದು ಹತ್ತಿಯುಂಡೆ ಇತ್ತು. ಯಾವ ಕಾಯಿಲೆಯೂ ಇಲ್ಲದ ಒಬ್ಬ ಬಸ್ ಕಂಡಕ್ಟರನ ಕತ್ತಿಗೆ ಉಜ್ಜಿ ತಂದದ್ದು. ಹುಳ್ಳಿ ಎಂಬ ಈ ಹೆಣ್ಣು ನಾಯಿಯ ಪಾಲಿಗೆ ಅಂಥ ಡಬ್ಬಿ ಖಾಲಿಯೇ. ಹನ್ನೊಂದು ವರ್ಷಗಳಿಂದ ಅವಳು ಅಂಥವನ್ನು ಹೆಜ್ಜೆ ನಿಲ್ಲಿಸದೆ ದಾಟುತ್ತಿದ್ದಳು. ಈಗ ಮೊದಲನೆಯದರ ಮುಂದೆಯೇ ಕೂತು, ಬೆನ್ನು ನೆಟ್ಟಗೆ ಮಾಡಿ, ತನಗೆ ತರಬೇತಿ ಕೊಟ್ಟ ಕೇತಮ್ಮನ ಕೈ ನೋಡಿದಳು. ಕೇತಮ್ಮನ ಸೊಂಟದ ಚೀಲದಲ್ಲಿ ಬೇಯಿಸಿದ ಈಲಿಯ, ಅಂದರೆ ಕುರಿಯ ಲಿವರಿನ, ಚೂರುಗಳಿದ್ದವು. ಸರಿಯಾದ ಡಬ್ಬಿಗೆ ಕೂತರೆ ಒಂದು ಚೂರು; ಆದರೆ ಒಮ್ಮೆ ಖಾಲಿಗೆ ಕೂತ ಮೇಲೆ ಆ ದಿನ ಸರಿಯಾದದ್ದೂ ತಪ್ಪಿನ ಲೆಕ್ಕಕ್ಕೇ. ಅದು ಅವರಿಬ್ಬರ ನಡುವಿನ ಕರಾರು.

ಕೇತಮ್ಮ ಕೈ ಬಿಚ್ಚಲಿಲ್ಲ. "ನಡಿ," ಎಂದಳು.

ಹುಳ್ಳಿ ಎದ್ದು ಎರಡನೆಯ ಡಬ್ಬಿಗೆ ಹೋದಳು. ಅಲ್ಲೂ ಕೂತಳು. ಮೂರನೆಯದಕ್ಕೂ ಕೂತಳು. ಆರಕ್ಕೆ ಆರೂ. ಐದು ಸಲ ಕೈ ನೋಡಿದಳು, ಐದೂ ಸಲ ಕೈ ಮುಚ್ಚಿಯೇ ಇತ್ತು. ಆರನೆಯ ಸಲ ಅವಳು ನೋಡಿದ್ದು ಕೈಯನ್ನಲ್ಲ, ಮುಖವನ್ನು.

ಗಾಜಿನ ಆಚೆ, ನಿಯಂತ್ರಣ ಕೊಠಡಿಯಲ್ಲಿ, ಮಹಾಂತೇಶ ಹಂಚಿನಾಳ ಮೈಕಿನ ಗುಂಡಿ ಒತ್ತಿದ. "ಹ್ವಾದ ವಾರ ಎರಡು ತಪ್ಪು. ಈ ವಾರ ಆರಕ್ಕ ಆರು. ಮುದುಕಿ ಆದ್ಳು ಬಿಡವಾ ಕೇತಮ್ಮ."

"ಮುದುಕಿ ಆದ್ರೆ ಕಾಲು ನೋಯ್ತದೆ ಸಾರ್. ಮೂಗು ಸುಳ್ಳು ಹೇಳಲ್ಲ."

ಬಿಳಿಗಿರಿ ಬೆಟ್ಟದ ಬುಡದಲ್ಲಿರುವ ಆ ಘ್ರಾಣ ಕೇಂದ್ರ ಶುರುವಾದದ್ದು ಒಂದೇ ಒಂದು ಪ್ರಶ್ನೆಯಿಂದ: ನಾಯಿಯ ಮೂಗನ್ನು ನಕಲು ಮಾಡಿ ಊರೂರಿಗೆ ಇಟ್ಟರೆ ಹೇಗೆ? ಬೆಟ್ಟದ ಪೋಡುಗಳೆಂಬ ಪುಟ್ಟ ಹಾಡಿಗಳಲ್ಲಿ ಕುಡುಗೋಲು ರಕ್ತದ ಕಾಯಿಲೆ ತಲೆಮಾರಿನಿಂದ ಇದೆ. ಕೆಂಪು ಕಣಗಳು ದುಂಡಗಿರದೆ ಕುಡುಗೋಲಿನ ಹಾಗೆ ಬಾಗಿರುತ್ತವೆ, ಬೇಗ ಮುರಿಯುತ್ತವೆ. ಒಮ್ಮೆಲೇ ತುಂಬ ಮುರಿದರೆ ಮನುಷ್ಯ ನೋವಿನಲ್ಲಿ ಹೊರಳುತ್ತಾನೆ, ಕೆಲವೊಮ್ಮೆ ಸಾಯುತ್ತಾನೆ. ಹಾಗೆ ಮುರಿಯುವುದಕ್ಕೆ ಒಂದೂವರೆ ದಿನ ಮೊದಲೇ ಬೆವರಿನಲ್ಲಿ ಒಂದು ವಾಸನೆ ಬರುತ್ತದೆ. ಮನುಷ್ಯರ ಮೂಗಿಗೆ ಅದು ಸಿಗದು, ಹುಳ್ಳಿಗೆ ಸಿಕ್ಕಿತ್ತು. ಅವಳ ತಲೆಗೆ ಒಂದು ತೆಳು ಪಟ್ಟಿ ಕಟ್ಟಿ, ವಾಸನೆ ಹಿಡಿದ ಕ್ಷಣ ಮಿದುಳಿನಲ್ಲಿ ಏಳುವ ಮಿಡಿತಗಳನ್ನು ಓದಿ, ಅವನ್ನೇ ಪಾಠವಾಗಿಸಿ ಒಂದು ಯಂತ್ರ ಮಾಡಿದರು. ಟಿಫಿನ್ ಡಬ್ಬಿಯಷ್ಟು ದೊಡ್ಡದು. ಹೆಸರು ಪ್ರತಿಮೂಗು. ಈಗ ಅರವತ್ತೆರಡು ಆರೋಗ್ಯ ಕೇಂದ್ರಗಳಲ್ಲಿ ಅರವತ್ತೆರಡು ಪ್ರತಿಮೂಗುಗಳಿದ್ದವು. ಬೆಳಿಗ್ಗೆ ಹತ್ತಿ ಉಜ್ಜಿ ಒಳಗಿಟ್ಟರೆ ಹಸಿರು ದೀಪ, ಇಲ್ಲವೇ ಕೆಂಪು. ಅಷ್ಟೆ.

ಆದರೆ ಯಂತ್ರದೊಳಗೆ ವಾಸನೆ ಹಿಡಿಯುವ ಪೊರೆ ವಾರಕ್ಕೊಮ್ಮೆ ಮಂಕಾಗುತ್ತಿತ್ತು. ಸೋಮವಾರ ಸೋಮವಾರ ಹುಳ್ಳಿ ಆರು ಡಬ್ಬಿಗಳನ್ನು ಮೂಸಬೇಕು, ಅವಳ ಮಿಡಿತ ನೋಡಿ ಹಂಚಿನಾಳ ಅರವತ್ತೆರಡನ್ನೂ ಇಲ್ಲಿಂದಲೇ ಸರಿಪಡಿಸಬೇಕು. ನಿಯಮ ಸ್ಪಷ್ಟವಾಗಿತ್ತು. ಯಂತ್ರಕ್ಕೆ ಪಾಠ ಕೊಡುವ ಆಕರ ನಾಯಿ ಮೂರು ಸೋಮವಾರ ಸಾಲಾಗಿ ತಪ್ಪಿದರೆ ಎಲ್ಲ ಪ್ರತಿಮೂಗುಗಳೂ ಬಂದ್. ಹೊಸ ನಾಯಿ ತಯಾರಾಗಲು ಒಂದೂವರೆ ವರ್ಷ.

ಕೇತಮ್ಮನ ತಂಗಿ ಸುಮಿತ್ರಳಿಗೂ ಅದೇ ಕಾಯಿಲೆ; ದಿನಾ ಬೆಳಿಗ್ಗೆ ಪೋಡಿನ ಆರೋಗ್ಯ ಕೇಂದ್ರದಲ್ಲಿ ಹತ್ತಿ ಉಜ್ಜಿಸಿಕೊಳ್ಳುವವಳು. ಅವರ ತಾಯಿ ಪ್ರತಿಮೂಗು ಬರುವ ಮೊದಲು, ಬೆಟ್ಟ ಇಳಿಯುವ ಜೀಪಿನಲ್ಲೇ ಸತ್ತಿದ್ದಳು.

ಹಂಚಿನಾಳ ಕೆಟ್ಟವನಲ್ಲ. ಮೊದಲ ಸೋಮವಾರ ತಪ್ಪಾದಾಗ ಹತ್ತಿ ಬದಲಿಸಿದ್ದ. ಈಗ ಡಬ್ಬಿಗಳನ್ನು ಕುದಿಸಲು ಹೇಳಿದ, ನೆಲ ತೊಳೆಸಿದ, ಗಾಳಿಯ ಜಾಲರಿ ಬಿಚ್ಚಿಸಿದ. ಆಮೇಲೆ ಒಂದು ಹಾಳೆ ಹಿಡಿದು ಕೇತಮ್ಮನ ಮುಂದೆ ಕೂತ. ಸೋಪು ಯಾವುದು, ತಲೆಗೆ ಎಣ್ಣೆ ಹಚ್ಚಿದ್ದೆಯಾ, ಹಿಂದಿನ ದಿನ ಏನು ಅಡುಗೆ. ಕೊನೆಯ ಪ್ರಶ್ನೆಗೆ ಬಂದಾಗ ಅವನು ಹಾಳೆಯಿಂದ ಕಣ್ಣೆತ್ತಲಿಲ್ಲ.

ಕೇತಮ್ಮನೇ ಹೇಳಿದಳು. "ಮುಟ್ಟಿನ ತಾರೀಕಾ? ಬರ್ಕಳಿ, ಹದಿನಾಲ್ಕು. ಹನ್ನೊಂದು ವರ್ಷದಿಂದ ತಿಂಗ್ಳು ತಿಂಗ್ಳೂ ಬತ್ತಾ ಅದೆ. ಆಗೆಲ್ಲ ಇವಳು ತಪ್ಪಿದ್ಲಾ?"

"ಫಾರ್ಮಿನ್ಯಾಗ ಐತಿ, ಅದಕ್ಕ ಕೇಳ್ದೆ."

"ಫಾರ್ಮ್‌ನಲ್ಲಿ ನಾಯಿ ಬಗ್ಗೆ ಏನೈತೆ?"

ಅವನು ಹಾಳೆ ತಿರುಗಿಸಿ ನೋಡಿದ. ನಾಯಿಯ ಹೆಸರು, ವಯಸ್ಸು, ತೂಕ. ತೂಕ ಕಳೆದ ಹುಟ್ಟುಹಬ್ಬದಲ್ಲಿ ಬರೆದದ್ದು. ಡಬ್ಬಿ, ಹತ್ತಿ, ನೆಲ, ಗಾಳಿ, ಹೆಂಗಸು, ಎಲ್ಲಕ್ಕೂ ಪರೀಕ್ಷೆ ಇತ್ತು. ನಾಯಿ ಪರೀಕ್ಷೆ ಮಾಡುವವಳು; ಅವಳನ್ನು ಪರೀಕ್ಷೆ ಮಾಡಬೇಕೆಂದು ಹನ್ನೊಂದು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವತ್ತೂ ಹೊಳೆಯಲಿಲ್ಲ.

"ಇಲ್ಲಿ ಸೈನ್ ಮಾಡು," ಎಂದ. 'ಆಕರ ನಾಯಿ ಆರು ತಪ್ಪು ಸೂಚನೆ ನೀಡಿದೆ' ಎಂದಿತ್ತು.

"ಕೂತ್ಲು ಅಂತ ಬರೀರಿ. ತಪ್ಪು ಅಂತ ಬರದ್ರೆ ನಾ ಸೈನ್ ಮಾಡಲ್ಲ."

"ಅದೇನು ನಿನ್ನ ಮಗಳ ಮದುವಿ ಪತ್ರಿಕೀನಾ, ಬೇಕಾದಂಗ ಬರಿಯಾಕ?"

"ಮಗಳಾಗಿದ್ರೆ ಇಷ್ಟು ಜಗಳ ಆಡ್ತಿರ್ನಿಲ್ಲ. ಮಕ್ಳು ತಪ್ಪು ಮಾಡ್ತವೆ."

ಸೈನ್ ಮಾಡದೆ ಎದ್ದು ಬಂದಳು.

ಮನೆ ಕೇಂದ್ರದಿಂದ ಮೂರು ಕಿಲೋಮೀಟರು. ದಿನವೂ ಹುಳ್ಳಿ ಮುಂದೆ, ಕೇತಮ್ಮ ಹಿಂದೆ. ಅವತ್ತು ಹುಳ್ಳಿ ಹಿಂದೆ ಬಿದ್ದಳು. ಸೇತುವೆಯ ಹತ್ತಿರ ಒಮ್ಮೆ, ಹುಣಸೆ ಮರದ ಹತ್ತಿರ ಒಮ್ಮೆ ಕೂತಳು. ಕೇತಮ್ಮನಿಗೆ ಸಿಟ್ಟು ಬಂತು. ಅಲ್ಲಿ ಡಬ್ಬಿಯೇ ಇರಲಿಲ್ಲ. "ಇಲ್ಯಾಕೆ ಕೂತ್ಕತಿಯೆ?" ಎಂದು ಗದರಿದಳು. ಹುಳ್ಳಿ ಬೆನ್ನು ನೆಟ್ಟಗೆ ಮಾಡಿ ಅವಳ ಕೈ ನೋಡಿದಳು.

ಮನೆಯ ಜಗಲಿಯಲ್ಲಿ ಸುಮಿತ್ರ ಲಂಟಾನ ಕಡ್ಡಿಗಳನ್ನು ನೆನೆಹಾಕಿ ಬುಟ್ಟಿ ಹೆಣೆಯುತ್ತಿದ್ದಳು. ಇಪ್ಪತ್ತೆರಡು ವರ್ಷದ ಹುಡುಗಿ. ಅಕ್ಕನಿಗಿಂತ ಹನ್ನೆರಡು ವರ್ಷ ಚಿಕ್ಕವಳು, ಅಕ್ಕನಿಗಿಂತ ಎರಡು ಪಟ್ಟು ಬಾಯಿ.

"ಏನು, ರಾಣಿಯಮ್ಮ ಇವತ್ತು ಮೆರವಣಿಗೆ ಹಂಗೆ ಬತ್ತಾವ್ಳೆ?"

"ಆರು ಡಬ್ಬಿಗೂ ಕೂತ್ಲು," ಎಂದಳು ಕೇತಮ್ಮ. "ಇನ್ನೊಂದು ಸೋಮವಾರ ಹಿಂಗೇ ಆದ್ರೆ ಎಲ್ಲಾ ಮೂಗನ್ನೂ ಮುಚ್ತಾರೆ."

ಸುಮಿತ್ರಳ ಕೈಯಲ್ಲಿದ್ದ ಕಡ್ಡಿ ಒಂದು ಗಳಿಗೆ ನಿಂತಿತು. ಹುಳ್ಳಿ ಅಂಗಳದ ಮೂಲೆಗೆ ಹೋಗಿ ಉಚ್ಚೆ ಹೊಯ್ದು ಬಂದಳು. ಸಿಮೆಂಟಿನ ಮೇಲೆ ಅದು ಹರಿದ ದಾರಿಯನ್ನು ಸುಮಿತ್ರ ನೋಡುತ್ತ ಕೂತಳು. ಆಮೇಲೆ ಎದ್ದು ಹತ್ತಿರ ಹೋದಳು.

"ಅಕ್ಕಾ, ಬಾ ಇಲ್ಲಿ."

"ಏನೇ?"

"ಕಡು ಟೀ ಬಣ್ಣ. ಈ ಬಣ್ಣ ನಂಗೊತ್ತು. ನಾನು ಇದನ್ನ ನೋಡಿದ್ ದಿನ ಎಲ್ಲಾ ಆಸ್ಪತ್ರೆಗೆ ಹೋಗಿವ್ನಿ."

ಅವಳು ಹುಳ್ಳಿಯ ಮುಂದೆ ಮಂಡಿಯೂರಿದಳು. ತಿಂಗಳಿಗೊಮ್ಮೆ ನರ್ಸು ತನ್ನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡುವುದನ್ನು ಅವಳು ಹುಟ್ಟಿದಾಗಿನಿಂದ ಕಂಡವಳು. ಅದೇ ಹೆಬ್ಬೆರಳಿನಲ್ಲಿ ಅದೇ ಥರ ಹುಳ್ಳಿಯ ರೆಪ್ಪೆ ಎಳೆದಳು. ಒಳಗೆ ಕೆಂಪಿರಲಿಲ್ಲ. ತುಟಿ ಎತ್ತಿದಳು, ಒಸಡು ಸುಣ್ಣದ ಗೋಡೆಗೆ ಅರಿಸಿನ ತಾಗಿದ ಹಾಗಿತ್ತು.

"ಅಕ್ಕಾ," ಎಂದಳು, "ಇವಳು ನನ್ ಥರ ಆಗವ್ಳೆ. ಇವಳ ರಕ್ತ ಮುರೀತಾ ಅದೆ."

ಕೇತಮ್ಮ ಸೊಂಟದ ಚೀಲದ ಮೇಲೆ ಕೈಯಿಟ್ಟು ನಿಂತಿದ್ದಳು. ಚೀಲ ತುಂಬಿತ್ತು. ಸೇತುವೆ, ಹುಣಸೆ ಮರ, ಆರು ಡಬ್ಬಿ. ಹುಳ್ಳಿ ಎಲ್ಲಿ ಹೋದರೂ ಆ ವಾಸನೆ ಜೊತೆಗೇ ಬರುತ್ತಿತ್ತು. ಹೇಳಿಕೊಟ್ಟದ್ದನ್ನು ಅವಳು ಮಾಡಿದ್ದಳು. ವಾಸನೆ ಬಂದರೆ ಕೂರು ಎಂದಿದ್ದರು. ಕೂತಿದ್ದಳು.

ಬೆಳಿಗ್ಗೆ ಜೀಪಿನಲ್ಲಿ ಪಶು ಆಸ್ಪತ್ರೆಗೆ ಹೋದರು. ಡಾಕ್ಟರ್ ಫಿರ್ದೋಸ್ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಇಟ್ಟು ಓರೆ ಮಾಡಿದರು. ರಕ್ತ ನಯವಾಗಿ ಹರಿಯದೆ ಮರಳಿನ ಹಾಗೆ ಗುಂಪುಗುಂಪಾಗಿ ನಿಂತಿತು.

"ನೋಡಿ ಕೇತಮ್ಮ, ಕಣಗಳು ಒಂದಕ್ಕೊಂದು ಅಂಟಿಕೊಂಡಿವೆ. ರಕ್ತದಲ್ಲಿ ಕೆಂಪು ಕಣದ ಪಾಲು ನೂರಕ್ಕೆ ನಲವತ್ತಾದರೂ ಇರಬೇಕು. ಇವಳದ್ದು ಹದಿಮೂರು."

"ನನ್ ಕಾಯ್ಲೆನೇ ಬಂದದಾ ಮೇಡಂ?" ಸುಮಿತ್ರ ಕೇಳಿದಳು.

"ಇಲ್ಲ. ನಿನ್ನ ಕಣವೇ ಸೊಟ್ಟ, ಅದಕ್ಕೇ ಮುರಿಯುತ್ತೆ. ಇವಳ ಕಣ ನೆಟ್ಟಗಿದೆ. ರೋಗ ಬಂದಾಗ ಹೋರಾಡೋದಕ್ಕೆ ಮೈಯೊಳಗೆ ಕಾವಲಿನವರು ಇರ್ತಾರಲ್ಲ, ಅವರಿಗೆ ತಲೆ ಕೆಟ್ಟಿದೆ. ಮನೆಯವರನ್ನೇ ಕಳ್ಳರು ಅಂದುಕೊಂಡು ಹೊಡೀತಿದ್ದಾರೆ."

"ಯಾಕೆ?"

"ಗೊತ್ತಿಲ್ಲ. ಬಹಳ ಸಲ ಗೊತ್ತಾಗೋದೇ ಇಲ್ಲ." ಫಿರ್ದೋಸ್ ಮಾತನ್ನು ಸಿಹಿ ಮಾಡುವವರಲ್ಲ. "ಹನ್ನೆರಡು ವರ್ಷದ ನಾಯಿ. ಇವತ್ತು ಬೇರೆ ನಾಯಿಯ ರಕ್ತ ಕೊಡ್ತೀನಿ. ಕಾವಲಿನವರನ್ನು ಮಲಗಿಸೋ ಮಾತ್ರೆ ಕೊಡ್ತೀನಿ, ರಕ್ತ ಹೆಪ್ಪುಗಟ್ಟದ ಹಾಗೆ ಇನ್ನೊಂದು. ಈ ಕಾಯಿಲೆ ಬಂದ ಮೂರರಲ್ಲಿ ಒಂದು ನಾಯಿ ಮೊದಲ ಎರಡು ವಾರದಲ್ಲೇ ಹೋಗುತ್ತೆ. ಹೇಳಿರ್ತೀನಿ."

"ಹೇಳಿ, ಒಳ್ಳೇದೇ," ಎಂದಳು ಕೇತಮ್ಮ. "ಎರಡು ಉಳೀತವೆ ಅಂತಾನೂ ಆಯ್ತಲ್ಲ."

ಕೇಂದ್ರದಲ್ಲಿ ಪಾಠ ಕಲಿಯುತ್ತಿದ್ದ ಮೂರು ವರ್ಷದ ಗುಂಡ ಎಂಬ ನಾಯಿಯ ರಕ್ತ ಹೊಂದಿತು. ಅದು ಹನಿಹನಿಯಾಗಿ ಇಳಿಯುತ್ತಿದ್ದಾಗ ಕೇತಮ್ಮ ಚೀಲದಿಂದ ಒಂದು ಈಲಿ ಚೂರು ತೆಗೆದು ಹುಳ್ಳಿಯ ಮೂಗಿನ ಮುಂದೆ ಹಿಡಿದಳು. ಹುಳ್ಳಿ ಮೂಸಿ ಮುಖ ತಿರುಗಿಸಿದಳು. ನಿನ್ನೆ ಕೇಳಿದಾಗ ಕೊಡಲಿಲ್ಲ. ಇವತ್ತು ಕೊಟ್ಟರೆ ತಿನ್ನಲು ಅವಳಿಗೆ ಶಕ್ತಿಯಿಲ್ಲ. ಕೇತಮ್ಮ ಒಂದು ಹತ್ತಿಯುಂಡೆ ಕೇಳಿ ತೆಗೆದುಕೊಂಡು ಹುಳ್ಳಿಯ ಕತ್ತಿಗೆ, ಕಿವಿಯ ಒಳಕ್ಕೆ ಉಜ್ಜಿ, ಡಬ್ಬಿಯಲ್ಲಿ ಹಾಕಿ ಮುಚ್ಚಿದಳು.

ನಿಯಂತ್ರಣ ಕೊಠಡಿಯೊಳಗೆ ನಾಯಿ ತರಬೇತಿಯವರು ಹೋಗುವ ಪದ್ಧತಿಯಿರಲಿಲ್ಲ. ಕೇತಮ್ಮ ಚಪ್ಪಲಿ ಬಿಟ್ಟು ಹೋದಳು. ಗೋಡೆಯ ತುಂಬ ಪರದೆ. ಅರವತ್ತೆರಡು ಊರಿನ ಹೆಸರು, ಪಕ್ಕದಲ್ಲಿ ಒಂದೊಂದು ದೀಪ.

"ಸಾರ್, ಇದನ್ನ ಪ್ರತಿಮೂಗಿಗೆ ಹಾಕಿ."

"ಯಾರ್ದಿದು?"

"ಮೊದ್ಲು ಹಾಕಿ."

ಮೇಜಿನ ಮೇಲಿದ್ದ ಯಂತ್ರದೊಳಗೆ ಅವನು ಹತ್ತಿ ಇಟ್ಟ. ಇಪ್ಪತ್ತು ಸೆಕೆಂಡು ಬೇಕಾಗುತ್ತಿತ್ತು. ಐದಕ್ಕೇ ಕೆಂಪು ದೀಪ ಬಂತು. ಅವನು ಹೌಹಾರಿ ಫೋನಿಗೆ ಕೈ ಹಾಕಿದ. "ಯಾವ ಪೋಡಿನವ್ರು? ಈಗಿಂದೀಗ ಆಂಬುಲೆನ್ಸ್ ಕಳಿಸಬೇಕು!"

"ಆಸ್ಪತ್ರೇಲೇ ಅವ್ಳೆ ಸಾರ್. ಹುಳ್ಳಿ."

ಹಂಚಿನಾಳನ ಕೈ ಫೋನಿನ ಮೇಲೆಯೇ ಉಳಿಯಿತು.

"ಡಬ್ಬೀಲಿ ಇತ್ತೋ ಇಲ್ವೋ, ಅವಳ ಮೂಗಿಗೆ ವಾಸನೆ ಬಂತು. ಅವಳು ಕೂತ್ಲು. ನಿಮ್ ಯಂತ್ರಕ್ಕೆ ಮೂಗೈತೆ, ಮೈಯಿಲ್ಲ. ಹಂಗಾಗಿ ಅದಕ್ಕೆ ಗೊತ್ತಾಗ್ನಿಲ್ಲ. ನಮಗೆ ಮೈಯೂ ಐತೆ, ಕಣ್ಣೂ ಐತೆ. ನಮಗೂ ಗೊತ್ತಾಗ್ನಿಲ್ಲ."

"ಅಲ್ಲ," ಅವನು ತಡವರಿಸಿದ, "ನಾಯಿಗೆ ತನ್ನ ಮೈ ವಾಸನಿ ರೂಢಿ ಆಗಿಬಿಡ್ತೈತಿ. ಎರಡು ದಿನ ಇದ್ರ ಗೊತ್ತಾಗೂದಿಲ್ಲ. ಅದು ಎಲ್ಲಾ ಪುಸ್ತಕದಾಗೂ ಐತಿ."

"ಬೇರೆ ವಾಸನೆ ರೂಢಿ ಆಯ್ತದೆ. ಇದೊಂದನ್ನ ಮಾತ್ರ ರೂಢಿ ಮಾಡ್ಕಬೇಡ ಅಂತ ಹನ್ನೊಂದು ವರ್ಷ ಹೇಳಿಕೊಟ್ಟೋಳು ನಾನೇ."

ಹಂಚಿನಾಳ ಕುರ್ಚಿ ಎಳೆದುಕೊಂಡ. ಎರಡು ಸೋಮವಾರ ಹುಳ್ಳಿಯ ಪಟ್ಟಿ ಹಿಡಿದ ಮಿಡಿತಗಳನ್ನು ತೆರೆದು, ಈಗ ಹುಳ್ಳಿಯ ಹತ್ತಿಯಿಂದ ಪರದೆಯಲ್ಲಿ ಮೂಡಿದ ಗೆರೆಯನ್ನು ಅವುಗಳಿಂದ ಕಳೆದ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಮೂರು ಗಂಟೆಗೆ ಕೇತಮ್ಮನನ್ನು ಕರೆದು ತೋರಿಸಿದ. ಆರು ಡಬ್ಬಿಯ ಆರು ಗೆರೆ. ಐದು ಈಗ ಚಪ್ಪಟೆ. ನಾಲ್ಕನೆಯದು ಮಾತ್ರ ಗುಡ್ಡದ ಹಾಗೆ ಎದ್ದಿತ್ತು. ಆ ಡಬ್ಬಿಯಲ್ಲಿದ್ದದ್ದು ಕಾಯಿಲೆಯವರ ಹತ್ತಿ.

"ಅಕೀದನ್ನ ಕಳದ್ರ ಉಳದದ್ದು ಕರೆಕ್ಟ್ ಐತಿ," ಎಂದ. ದನಿ ತಗ್ಗಿತ್ತು. "ಅಷ್ಟು ಸುಸ್ತಿನ್ಯಾಗೂ ನಾಕನೇದು ಬ್ಯಾರೆ ಅಂತ ಅಕೀಗೆ ಗೊತ್ತಿತ್ತವಾ."

ಪ್ರತಿಮೂಗುಗಳು ಬಂದ್ ಆಗಲಿಲ್ಲ. ಸೋಮವಾರ ಬಂತು, ಹೋಯಿತು. ಹುಳ್ಳಿ ರಜೆಯಲ್ಲಿದ್ದಷ್ಟು ದಿನವೂ ಹಂಚಿನಾಳ, ಅವಳ ವಾಸನೆ ಕಳೆದು ಉಳಿದ ಆ ಗೆರೆಗಳಿಂದಲೇ ಅರವತ್ತೆರಡನ್ನೂ ಸರಿಪಡಿಸುತ್ತ ಹೋದ. ಒಂದು ಕಂಟಕ ಹೋಯಿತು. ಹುಳ್ಳಿಯದು ಉಳಿಯಿತು.

ಎರಡು ವಾರದ ಗಡಿಯನ್ನು ಹುಳ್ಳಿ ದಾಟಿದಳು. ಆಮೇಲಿನದು ಬರೀ ದುಡಿತ. ಬೆಳಿಗ್ಗೆ ನಾಲ್ಕು ಮಾತ್ರೆ, ಸಂಜೆ ಮೂರು. ಸುಮಿತ್ರಳ ಮಾತ್ರೆ ಒಂದು ಬುಟ್ಟಿಯಲ್ಲಿ, ಹುಳ್ಳಿಯದು ಇನ್ನೊಂದರಲ್ಲಿ. ಬುಟ್ಟಿ ಅದಲುಬದಲಾಗಬಾರದೆಂದು ಹುಳ್ಳಿಯದಕ್ಕೆ ಸುಮಿತ್ರ ಕೆಂಪು ದಾರ ಸುತ್ತಿದ್ದಳು. ಕಾವಲಿನವರನ್ನು ಮಲಗಿಸುವ ಮಾತ್ರೆ ಹುಳ್ಳಿಯನ್ನು ಹಸಿವಿನ ಭೂತ ಮಾಡಿತು. ರಾಗಿ ಮುದ್ದೆ ನುಂಗಿ ತಟ್ಟೆಯನ್ನೂ ಕಚ್ಚಿದಳು. ಕೊಡಗಟ್ಟಲೆ ನೀರು ಕುಡಿದಳು, ಹಾಸಿಗೆಯಲ್ಲೇ ಉಚ್ಚೆ ಹೊಯ್ದಳು. ಹೊಟ್ಟೆ ಜೋತುಬಿತ್ತು, ತೊಡೆಯ ಮಾಂಸ ಕರಗಿತು, ಬೆನ್ನಿನ ಕೂದಲು ಉದುರಿತು. ಈಲಿ, ಕೊಬ್ಬು ಯಾವುದೂ ಕೂಡದು, ಮೇದೋಜೀರಕ ಗ್ರಂಥಿ ಊದಿಕೊಂಡೀತು ಎಂದಿದ್ದರು ಫಿರ್ದೋಸ್. ಸೊಂಟದ ಚೀಲ ಗೋಡೆಯ ಮೊಳೆಗೆ ನೇತುಬಿತ್ತು.

"ನಾಚ್ಕೆ ಪಡ್ಬೇಡ ಕಣೆ," ಹಾಸಿಗೆ ಒಗೆಯುತ್ತ ಸುಮಿತ್ರ ಹುಳ್ಳಿಗೆ ಹೇಳುತ್ತಿದ್ದಳು. "ನಾನೂ ಏಳ್ನೇ ಕ್ಲಾಸಿನವರ್ಗೂ ಹೊಯ್ಕತಿದ್ದೆ. ಅಕ್ಕನ್ ಕೇಳು."

"ಎಂಟ್ನೇ ಕ್ಲಾಸು," ಎನ್ನುತ್ತಿದ್ದಳು ಕೇತಮ್ಮ.

ಏಳನೆಯ ವಾರ ಲೆಕ್ಕ ಕೆಟ್ಟಿತು. ಇಪ್ಪತ್ನಾಲ್ಕಕ್ಕೆ ಏರಿದ್ದ ಕೆಂಪು ಕಣದ ಅಂಕಿ ಹತ್ತೊಂಬತ್ತಕ್ಕೆ ಇಳಿಯಿತು. ಶುಕ್ರವಾರ ಇನ್ನೊಂದು ಹೊಸ ಮಾತ್ರೆ ಸೇರಿಸಿದರು. ಸೋಮವಾರ ಬೆಳಿಗ್ಗೆ ಹದಿನೇಳು. ಒಸಡು ಮತ್ತೆ ಅರಿಸಿನ. ಅವಳ ಕತ್ತಿನ ಹತ್ತಿಗೆ ಪ್ರತಿಮೂಗು ಕೆಂಪು ದೀಪವನ್ನೇ ತೋರಿಸಿತು.

ಫಿರ್ದೋಸ್ ತಾವೇ ಕೇಂದ್ರಕ್ಕೆ ಬಂದಿದ್ದರು. "ಮುರಿಯೋ ಕೆಲಸ ಜಾಸ್ತಿ ನಡೆಯೋದು ಹೊಟ್ಟೆಯೊಳಗಿನ ಗುಲ್ಮದಲ್ಲಿ, ಅಂದ್ರೆ ಸ್ಪ್ಲೀನಲ್ಲಿ. ಅದನ್ನೇ ತೆಗೆದುಬಿಡೋಣ. ಗುರುವಾರ ಆಪರೇಷನ್ ಮಾಡ್ತೀನಿ."

"ಮೇಜಿನ ಮೇಲೆ ಹೋಗ್ಬಿಟ್ರೆ?"

"ಹೋಗಬಹುದು. ಈ ವಯಸ್ಸಿಗೆ, ಈ ರಕ್ತಕ್ಕೆ, ಅರ್ಧಕ್ಕರ್ಧ. ಆದರೆ ಮುರಿಯೋದು ಹೀಗೇ ನಡೆದರೆ ಭಾನುವಾರ ಕೂಡ ಕಾಣಲ್ಲ."

"ಈಗ ಮುರೀತಾ ಅದೆ ಅಂತ ಖಾತ್ರಿನಾ?"

"ಅಂಕಿ ಇಳೀತಿದೆ. ಯಂತ್ರ ಕೆಂಪು ತೋರಿಸ್ತಿದೆ. ಇನ್ನೇನು ಬೇಕು?"

ಕೇತಮ್ಮ ಗಾಜಿನ ಕಡೆ ತಿರುಗಿದಳು. "ಸಾರ್, ಆರು ಡಬ್ಬಿ ಜೋಡಿಸಿ. ಒಂದ್ರಲ್ಲಿ ಕಾಯ್ಲೆದು, ಐದು ಖಾಲಿ. ಯಾವುದ್ರಲ್ಲಿ ಅಂತ ನಂಗೂ ಹೇಳ್ಬೇಡಿ."

"ಅಕೀ ನಿಲ್ಲಾಕೂ ಆಗವಲ್ದು, ಏನ್ ಮೂಸ್ತಾಳ?"

"ಜೋಡಿಸಿ ಅಂದೆ."

ಅವನು ಜೋಡಿಸಿ ಬಂದ. ಕೇತಮ್ಮ ಹುಳ್ಳಿಯ ತಲೆಗೆ ಪಟ್ಟಿ ಕಟ್ಟಲಿಲ್ಲ. ನೆತ್ತಿಯ ಚರ್ಮ ತೆಳುವಾಗಿ ಬಿರಿದಿತ್ತು. ಬಾಗಿಲಲ್ಲಿ ಅವಳನ್ನು ನಿಲ್ಲಿಸಿ "ನೋಡು" ಎಂದಳು. ಕೆಲಸ ಶುರುಮಾಡುವ ಮಾತು ಅದೊಂದೇ. ಏಳು ವಾರದಿಂದ ಅದನ್ನು ಹೇಳಿರಲಿಲ್ಲ.

ಹುಳ್ಳಿಯ ಕಿವಿ ನೆಟ್ಟಗಾಯಿತು. ಜೋತುಬಿದ್ದ ಹೊಟ್ಟೆ, ಬೋಳು ಬೆನ್ನು, ಕೋಲಿನಂಥ ಕಾಲು. ಆದರೆ ಆ ತಲೆ ಎತ್ತಿದ ರೀತಿ ಹಳೆಯದೇ. ನಡೆದಳು. ಮೊದಲ ಡಬ್ಬಿ ಮೂಸಿದಳು. ಖಾಲಿ ಡಬ್ಬಿಗೂ ಕೂತರೆ ಅವಳ ಮೈಯೊಳಗೆ ಮುರಿತ ನಡೆಯುತ್ತಿದೆ ಎಂದರ್ಥ. ಕೂರಲಿಲ್ಲ. ದಾಟಿದಳು. ಎರಡನೆಯದನ್ನು ದಾಟಿದಳು. ಮೂರನೆಯದರ ಹತ್ತಿರ ಕಾಲು ನಡುಗಿತು. ನಿಂತು ಸುಧಾರಿಸಿಕೊಂಡಳು. ಫಿರ್ದೋಸ್ ಒಂದು ಹೆಜ್ಜೆ ಮುಂದೆ ಇಟ್ಟರು. ಕೇತಮ್ಮ ಕೈ ಅಡ್ಡ ಹಿಡಿದಳು. ಮೂರು. ನಾಲ್ಕು.

ಐದನೆಯದರ ಮುಂದೆ ಹುಳ್ಳಿ ಮೂಗು ತಗ್ಗಿಸಿದಳು, ಇನ್ನೊಮ್ಮೆ ಎಳೆದುಕೊಂಡಳು, ಕೂತಳು. ತೊಡೆಯಲ್ಲಿ ಮಾಂಸವಿಲ್ಲದ್ದರಿಂದ ಮೂಳೆ ನೆಲಕ್ಕೆ ಬಡಿದ ಸದ್ದು ಕೇಳಿಸಿತು. ಬೆನ್ನು ಮಾತ್ರ ನೆಟ್ಟಗಿತ್ತು.

"ಐದು," ಎಂದಳು ಕೇತಮ್ಮ.

"ಐದ," ಗಾಜಿನ ಆಚೆಯಿಂದ ಹಂಚಿನಾಳ ಅಂದ. ಮೈಕಿನ ಗುಂಡಿ ಒತ್ತುವುದನ್ನೂ ಮರೆತಿದ್ದ. ಬಾಯಿಯ ಚಲನೆಯಷ್ಟೇ ಕಂಡಿತು.

ಚೀಲ ಮನೆಯ ಗೋಡೆಯಲ್ಲಿತ್ತು. ಕೇತಮ್ಮ ಬೇಯಿಸಿದ ಮೊಟ್ಟೆಯ ಬಿಳಿಯ ಒಂದು ಚೂರು ಕೊಟ್ಟಳು. ಹುಳ್ಳಿ ತಿಂದಳು, ಆದರೂ ಇನ್ನೇನೋ ಬರಬೇಕಿತ್ತು ಎಂಬಂತೆ ಕೈ ನೋಡಿದಳು.

"ಮುರಿಯೋದು ನಿಂತದೆ ಮೇಡಂ."

"ಹಾಗೆ ಹೇಗೆ ಹೇಳ್ತೀರಿ? ಮಾತ್ರೆಯಿಂದ ಮೂಗು ಮಂದ ಆಗಿರಬಹುದು."

"ಮಂದ ಆಗಿದ್ರೆ ಐದ್ನೇದಕ್ಕೆ ಯಾಕೆ ಕೂತ್ಲು?"

ಫಿರ್ದೋಸ್ ಕೆಂಪು ದೀಪದ ಕಡೆ ಕೈ ತೋರಿಸಿದರು. "ಯಂತ್ರ ಕೆಂಪು ಅಂತಿದೆ," ಎಂದರು.

"ಯಂತ್ರಕ್ಕೆ ಮುರೀತಾ ಇರೋದೂ ಒಂದೇ, ಮುರಿದು ಹೋಗಿರೋದೂ ಒಂದೇ. ಹ್ವಾದ ವರ್ಷದ ಮುಂದ್ಲ ವರ್ಷ ನಮ್ ಸುಮಿತ್ರಂಗೆ ಹಿಂಗೇ ಆಗಿತ್ತು. ಕಣ್ಣು ಹಳದಿ, ಯಂತ್ರ ಕೆಂಪು. ಇವಳು ಅವಳನ್ನ ಮೂಸಿ ದಾಟ್ಕಂಡು ಹೋಗಿ ಬಿಸಿಲಲ್ಲಿ ಮಲಗಿದ್ಲು. ನಾ ಬೈದೆ. ಮಾರನೇ ದಿನ ಸುಮಿತ್ರ ಎದ್ದು ಅನ್ನ ಕೇಳಿದ್ಲು."

"ಅದು ಒಂದು ಸಲ. ಒಂದು ಸಲ ಆದದ್ದು ಸಾಕ್ಷಿಯಲ್ಲ, ಕೇತಮ್ಮ. ನೀವು ಹೇಳಿದ್ದು ಸುಳ್ಳಾದರೆ ನಾಯಿ ಸಾಯುತ್ತೆ. ನೀವು ಬೇಡ ಅಂದದ್ದಕ್ಕೇ ಸಾಯುತ್ತೆ."

ಅದು ನಿಜವಾಗಿತ್ತು. ಕೇತಮ್ಮ ಹುಳ್ಳಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಪ್ರೀತಿಯಿಂದ ಹೀಗೆ ಅನಿಸುತ್ತಿದೆಯೋ ಎಂದು ತನ್ನನ್ನೇ ಕೇಳಿಕೊಂಡಳು. ಸುಮಿತ್ರಳ ವಿಷಯದಲ್ಲಿ ಪ್ರೀತಿಯಿಂದ ಹತ್ತು ಸಲ ತಪ್ಪು ಮಾಡಿದ್ದಳು. ಬೇಡದ ದಿನ ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದಳು, ಬೇಕಾದ ದಿನ ಏನೂ ಇಲ್ಲ ಅಂದಿದ್ದಳು. ಇದು ಪ್ರೀತಿಯಲ್ಲ. ಎರಡು ಸೋಮವಾರ ಈ ನಾಯಿ ಸತ್ಯ ಹೇಳಿತ್ತು, ಎರಡು ಸೋಮವಾರ ತಾನು ಕೈ ಮುಚ್ಚಿ ನಿಂತಿದ್ದಳು. ಹನ್ನೊಂದು ವರ್ಷ ಬೇರೆಯವರ ಜೀವಕ್ಕೆ ಸಾಕಾದ ಮಾತು ಅವಳ ಸ್ವಂತ ಜೀವಕ್ಕೆ ಸಾಲದೆ ಹೋದರೆ ಆ ಹನ್ನೊಂದು ವರ್ಷಕ್ಕೆ ಅರ್ಥವೇನು?

"ಆಪರೇಷನ್ ಬೇಡ," ಎಂದಳು. "ಎಲ್ಲಿ ಸೈನ್ ಮಾಡ್ಬೇಕು ತೋರ್ಸಿ. ಮಾಡ್ತೀನಿ."

ಮಂಗಳವಾರ ಹದಿನಾರು. ಬುಧವಾರ ಹದಿನಾರು. ಗುರುವಾರ ಆಪರೇಷನ್ ಆಗಬೇಕಿದ್ದ ಹೊತ್ತಿಗೆ ಕೇತಮ್ಮ ಹುಳ್ಳಿಯನ್ನು ಜಗಲಿಯ ಬಿಸಿಲಿಗೆ ಎಳೆದುಕೊಂಡು ಬಂದು ಮಲಗಿಸಿದಳು. ಹದಿನೇಳು. ಒಂದು ಅಂಕಿ ಎನ್ನುವುದು ರಕ್ತ ಎಣಿಸುವ ಯಂತ್ರದ ಕೆಮ್ಮು ಕೂಡ ಆಗಬಹುದು. ಸುಮಿತ್ರ ಪಕ್ಕದಲ್ಲಿ ಕೂತು ಬುಟ್ಟಿಯ ತಳ ಹೆಣೆದು, ಬಿಚ್ಚಿ, ಮತ್ತೆ ಹೆಣೆದಳು.

ಶನಿವಾರ ಹತ್ತೊಂಬತ್ತು. ಫಿರ್ದೋಸ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಹೇಳಿದರು: "ಹೊಸ ಕಣಗಳು ಬರ್ತಿವೆ. ಎಳೆಯವು, ದೊಡ್ಡವು, ನೀಲಿ ಛಾಯೆ. ರಾಶಿ ರಾಶಿ." ತಲೆ ಎತ್ತಿದಾಗ ಅವರ ಕಣ್ಣಿನ ಸುತ್ತ ಸೂಕ್ಷ್ಮದರ್ಶಕದ ವೃತ್ತ ಒತ್ತಿ ಮೂಡಿತ್ತು. "ಸೋಮವಾರವೇ ನಿಂತಿರಬೇಕು. ಹೊಸದು ತಯಾರಾಗೋದಕ್ಕೆ ನಾಲ್ಕೈದು ದಿನ ಬೇಕು. ನನ್ನ ಅಂಕಿ ಹಿಂದಿನ ಕಥೆ ಹೇಳ್ತಿತ್ತು." ಗಾಜಿನ ಪಟ್ಟಿಯನ್ನು ಪಕ್ಕಕ್ಕಿಟ್ಟು, "ನಾನು ಕತ್ತರಿಸಿಬಿಡ್ತಿದ್ದೆ ಕೇತಮ್ಮ."

"ನೀವು ಓದಿದ್ದನ್ನ ನೀವು ಹೇಳಿದ್ರಿ ಮೇಡಂ. ಅವಳು ಓದಿದ್ದನ್ನ ಅವಳು ಹೇಳಿದ್ಲು."

ಎರಡು ತಿಂಗಳಲ್ಲಿ ಅಂಕಿ ಮೂವತ್ತೆಂಟಕ್ಕೆ ಬಂತು. ಮಾತ್ರೆ ದಿನಕ್ಕೆ ಒಂದೂವರೆಗೆ ಇಳಿಯಿತು. ಕಾಯಿಲೆ ಪೂರ್ತಿ ಹೋಗುವುದಿಲ್ಲ, ಮತ್ತೆ ಬರಬಹುದು ಎಂದು ಫಿರ್ದೋಸ್ ಪ್ರತಿ ಸಲವೂ ಹೇಳುತ್ತಿದ್ದರು. ಬಂದರೆ ಮೊದಲು ಯಾರಿಗೆ ಗೊತ್ತಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಬೋಳು ಬೆನ್ನಿನ ಮೇಲೆ ಹೊಸ ಕೂದಲು ಬಂತು. ಹುರುಳಿ ಕಾಳಿನ ಬಣ್ಣಕ್ಕೆ ಹುಳ್ಳಿ ಎಂದು ಹೆಸರಿಟ್ಟಿದ್ದರು, ಈಗಿನದು ಹುರಿದ ಹುರುಳಿಯಷ್ಟು ಕಪ್ಪು.

ಹಂಚಿನಾಳ ಅಷ್ಟರೊಳಗೆ, ಚೇತರಿಸಿಕೊಳ್ಳುತ್ತಿದ್ದ ಹುಳ್ಳಿಗೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಮೂಸಿಸಿ, ಒಂದು ಹೊಸ ಪಾಠ ಸಿದ್ಧಮಾಡಿದ್ದ. ವಾಸಿಯಾಗುತ್ತಿರುವ ಕಾಯಿಲೆಯವರ ಹತ್ತಿಗಳನ್ನು ಸಾಲಾಗಿಟ್ಟು, ಹುಳ್ಳಿ ಯಾವುದನ್ನು ದಾಟುತ್ತಾಳೆ, ಯಾವುದಕ್ಕೆ ಕೂರುತ್ತಾಳೆ ಎಂಬುದನ್ನು ಪಟ್ಟಿಯಿಂದ ಓದಿ ಯಂತ್ರಕ್ಕೆ ಕಲಿಸಿದ. ಪ್ರತಿಮೂಗಿಗೆ ಮೂರನೆಯ ದೀಪ ಬಂತು: ಹಳದಿ. ಮುರಿತ ನಿಂತಿದೆ, ಮೈ ತಿರುಗುತ್ತಿದೆ. ಅರವತ್ತೆರಡು ಊರುಗಳಲ್ಲಿ ಜನ ಆಸ್ಪತ್ರೆಯಿಂದ ಮೂರು ದಿನ ಮೊದಲೇ ಮನೆಗೆ ಹೋಗತೊಡಗಿದರು. ಮೊದಲ ಹಳದಿ ದೀಪ ಸುಮಿತ್ರಳಿಗೇ ಹತ್ತಿತು. ಅವಳು ನರ್ಸಿಗೆ, "ಇದು ನಮ್ಮನೆ ನಾಯಿ ಬಣ್ಣ ಕಣಕ್ಕ, ಕಾಯ್ಲೆ ಬಿದ್ದು ಸಂಪಾದಿಸ್ಕಂಡ್ಳು," ಎಂದಳಂತೆ.

ಮತ್ತೊಂದು ಸೋಮವಾರ. ವಾರದ ಆರು ಡಬ್ಬಿಗಳ ಕೆಲಸಕ್ಕೆ ಹುಳ್ಳಿ ಮರಳಿದ ಮೊದಲ ದಿನ. ಕೇತಮ್ಮ ಒಳಗೆ ಬಂದಾಗ ಹಂಚಿನಾಳ ಹಳೆಯ ಹಾಳೆ ಹಿಡಿದು ನಿಂತಿದ್ದ. 'ಆರು ತಪ್ಪು ಸೂಚನೆ' ಎಂಬಲ್ಲಿ 'ತಪ್ಪು' ಹೊಡೆದುಹಾಕಿ ಮೇಲೆ 'ಸರಿ' ಎಂದು ಬರೆದಿದ್ದ.

"ಈಗರೆ ಸೈನ್ ಮಾಡ್ತೀಯೇನವಾ?"

"ಮೊದ್ಲು ನೀವು ಮಾಡಿ. ಅದ್ರ ಹಿಂದಿನ ಸೋಮವಾರದ್ದು ಎರಡೂ ಸೇರಿಸಿ. ಒಟ್ಟು ಎಂಟು."

ಅವನು ನಗುತ್ತ ತಿದ್ದಿ ಸೈನ್ ಮಾಡಿದ. ಅವಳೂ ಮಾಡಿದಳು, ನಿಧಾನವಾಗಿ, ಪೂರ್ತಿ ಹೆಸರು.

ಆಮೇಲೆ ಹುಳ್ಳಿಯ ಕಡೆ ತಿರುಗಿದಳು. ಡಬ್ಬಿಗಳನ್ನು ಇನ್ನೂ ಜೋಡಿಸಿರಲಿಲ್ಲ. ಸೊಂಟದಲ್ಲಿ ಚೀಲವಿತ್ತು. ಈಲಿ ಕೊಡಬಹುದು ಎಂದು ಫಿರ್ದೋಸ್ ಕೊನೆಗೂ ಒಪ್ಪಿದ್ದರು, ದಿನಕ್ಕೆ ಒಂದೇ ಚೂರು. ಕೇತಮ್ಮ ಒಂದು ಚೂರು ತೆಗೆದು ಅಂಗೈ ಬಿಚ್ಚಿ ಹಿಡಿದಳು.

"ತಗೊ. ಆವತ್ತಿಂದು."

ಹುಳ್ಳಿ ಬಾಲ ಅಲ್ಲಾಡಿಸಲಿಲ್ಲ, ಕೈ ನೆಕ್ಕಲಿಲ್ಲ. ತನ್ನದನ್ನು ತಾನು ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡಳು, ಎರಡು ಸಲ ಅಗಿದು ನುಂಗಿದಳು. ಬೆನ್ನು ನೆಟ್ಟಗೆ ಮಾಡಿ ಕೂತು ಮತ್ತೆ ಅವಳ ಕೈ ನೋಡಿದಳು.

"ಗೊತ್ತು ಕಣೆ," ಎಂದಳು ಕೇತಮ್ಮ. "ಇನ್ನೂ ಏಳು."